ದಾಬೋಳಿಯಿಂದ ಮೋಪಾಕ್ಕೆ

ಕಾರ್ತಿಕದ ಬೆಳಗು! ಇಡಗುಂದಿಯ ಕಾಡಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಅರಬೈಲು ಘಟ್ಟದ ತಿರುವು ತಿರುವಿನಲ್ಲೂ ಮಂಜಿನ ತೆಳುಪರದೆಯನ್ನು ಸರಿಸುತ್ತ, ಬಾಲಸೂರ್ಯನ ಹೊಂಗಿರಣಗಳು ಮತ್ತಿ-ನಂದಿ ಮರಗಳ ನೆತ್ತಿಯನ್ನು ಒಂದೊಂದಾಗಿ ಬೆಳಗುತ್ತಿದ್ದವು... ಸಹೃದಯರೇ, ಪ್ರೇಮಿಯೊಬ್ಬ ತನ್ನ ಭಾಗ್ಯವನ್ನರಸಿ ಹೊರಡಲು ಇದಕ್ಕಿಂತ ಶುಭವಾದ ಮುಹೂರ್ತ ಬೇಕೆ? ವಿಶ್ವೇಶ್ವರನ ಕಾರು ಆ ಬೆಳಕಿನೊಳಗೆ ಘಟ್ಟ ಇಳಿಯುತ್ತಿತ್ತು.

ಯಲ್ಲಾಪುರದಲ್ಲಿ ಬಾಡಿಗೆ ಕಾರು ಓಡಿಸುವ ಅವನಿಗೆ ಗೋವಾದ ಹಾದಿ ಮನೆಯಂಗಳದಷ್ಟೇ ಪರಿಚಿತ. ಹದಿನೈದು ವರ್ಷಗಳಲ್ಲಿ ಸಿರಸಿ, ಸಿದ್ದಾಪುರಗಳ ಅದೆಷ್ಟು ಮಂದಿಯನ್ನು ದಾಬೋಳಿಯಲ್ಲಿ ವಿಮಾನ ಹತ್ತಿಸಿ ಬಂದಿದ್ದನೋ! ಮೊಬೈಲಿನಲ್ಲಿ ದಾರಿ ಹುಡುಕುವ ಚಾಲಕರನ್ನು ಕಂಡರೆ ಮಹಾರಾಯನಿಗೆ ನಗು. ಇಂದು ವಿಮಾನ ಹತ್ತಲಿದ್ದವಳು ಹುಲೇಕಲ್ಲಿನ ಚೇತನಾ. ಎಂಟು ವರ್ಷ ಅವನ ಒಂದೇ ಒಂದು ಮಾತಿಗಾಗಿ ಕಾದು, ಬೇಸತ್ತು, ದೆಹಲಿಯ ಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿಯ ಕೆಲಸ ಒಪ್ಪಿಕೊಂಡಿದ್ದಳು. ಆರು ದಿನಗಳ ಹಿಂದೆ ಟಿಕೇಟಿನ ಚಿತ್ರವನ್ನು ಅವನಿಗೆ ಕಳಿಸಿ, ಹೋಗಬೇಡ ಎನ್ನಲು ಕೊನೆಯ ಅವಕಾಶವೆಂಬಂತೆ ಫೋನಿನಲ್ಲಿ ಹೇಳಿದ್ದಳು:

"ಗೋವಾದಿಂದ ಹನ್ನೊಂದೂವರೆಗೆ ವಿಮಾನ. ಆನು ಒಳಗೆ ಹೋಪದ್ರೊಳಗೆ ಎದುರಿಗೆ ಬಂದು 'ಹೋಗಡ' ಹೇಳು. ಹೋಗ್ತ್ನಿಲ್ಲೆ."

ಗೋವಾ ಎಂದಮೇಲೆ ಮುಗಿಯಿತಲ್ಲ! ಚಿತ್ರ ತೆರೆದು ನೋಡುವುದೇನಿದೆ ಎಂದುಕೊಂಡ ಅವನು. ಒಂಬತ್ತೂವರೆಗೇ ದಾಬೋಳಿಯ ಬಾಗಿಲಲ್ಲಿ ನಿಂತಿದ್ದ. ಇಸ್ತ್ರಿಯ ಅಂಗಿ, ಎದೆಯಲ್ಲಿ ಎಂಟು ವರ್ಷಗಳ ಮಾತು... ಬಂದಿಳಿಯುವ ಪ್ರತಿಯೊಂದು ಕಾರಿನಲ್ಲೂ ಅವಳ ಮುಖವನ್ನು ಹುಡುಕಿದ. ಹತ್ತೂಕಾಲಾಯಿತು. ಅವಳು ಬರಲಿಲ್ಲ. ಫೋನು ಮಾಡಿದ.

"ಆನು ಬಂದೆ, ಚೇತನಾ! ಎಲ್ಲಿದ್ದೆ ನೀನು?"

"ಬಾಗಿಲಲ್ಲೇ..." ಅವಳ ದನಿಯಲ್ಲಿ ಆಹಾ, ಎಂಥ ಹರ್ಷ! "ನೀ ಕಾಣ್ತಾ ಇಲ್ಯಲೇ. ಮೋಪಾದಲ್ಲಿ ಯಾವ ಬದಿಗೆ ನಿಂತ್ಕಂಡಿದ್ದೆ?"

"ಮೋಪಾ?... ಆನು ದಾಬೋಳಿಯಲ್ಲಿ."

ಗೋವಾಕ್ಕೆ ಮೋಪಾದಲ್ಲಿ ಎರಡನೆಯ ವಿಮಾನ ನಿಲ್ದಾಣ ಬಂದಿರುವುದು ಅವನಿಗೆ ತಿಳಿಯದ್ದೇನಲ್ಲ; ಹೊಳೆದಿರಲಿಲ್ಲ, ಅಷ್ಟೇ.

"ಟಿಕೇಟು ನೋಡಿದ್ದಿಲ್ಯಾ, ವಿಶ್ವ?"

"ಇಲ್ಲೆ..."

"ಆರು ದಿನ ಆತು."

"ಈಗ ಬತ್ತೆ! ಒಂದೂವರೆ ತಾಸು..."

"ಬರಡ. ದಾರಿ ತಪ್ಪಿದ್ದಕ್ಕೆ ಬೇಜಾರಿಲ್ಲೆ. ಆನು ಕಳ್ಸಿದ್ದನ್ನ ನೀ ತೆರೆದೇ ನೋಡಿದ್ದಿಲ್ಲೆ... ಹೋಗ್ತೆ."

ಹೋಗಿಬತ್ತೆ ಎನ್ನಲಿಲ್ಲ.

ದಾಬೋಳಿಗೂ ಮೋಪಾಕ್ಕೂ ನಡುವೆ ಅರವತ್ತು ಚಿಲ್ಲರೆ ಕಿಲೋಮೀಟರು. ಆ ದೂರವನ್ನು ದಾಟಿಸುವ ವಿಮಾನವಿಲ್ಲ. ಸಾವಿರದೈನೂರು ಕಿಲೋಮೀಟರಾಚೆಯ ದೆಹಲಿಗೆ ಎರಡೂ ಮುಕ್ಕಾಲು ತಾಸು ಸಾಕು! ಅವನು ಕಂಬಕ್ಕೊರಗಿ, ಹನ್ನೊಂದೂವರೆ ದಾಟಿದ ಮೇಲೆ, ಕೊನೆಗೂ ಆ ಚಿತ್ರವನ್ನು ತೆರೆದ. ಮೋಪಾ ಎಂದು ಸ್ಪಷ್ಟವಾಗಿಯೇ ಇತ್ತು. ಚಿತ್ರದೊಳಗೇ, ಟಿಕೇಟಿನ ಕೆಳಗಂಚಿನಲ್ಲಿ ಅವಳು ಬರೆದ ಸಾಲೊಂದಿತ್ತು: "ನಂಗೆ ಹೋಪ ಮನಸ್ಸಿಲ್ಲೆ."

ಪ್ರೀತಿ ಇರಲಿಲ್ಲವೆನ್ನಬೇಡಿ, ಓದುಗರೇ... ಇತ್ತು, ಕಣ್ಣು ತುಂಬುವಷ್ಟಿತ್ತು! ಆದರೆ ನಮ್ಮವರನ್ನು ನಾವು ಬಲ್ಲೆವೆಂಬ ನೆಮ್ಮದಿಯಲ್ಲಿ, ಅವರು ನಮಗಾಗಿ ಬರೆದದ್ದನ್ನು ಓದಲು ಮರೆತುಬಿಡುತ್ತೇವೆ. ಓದುವ ಹೊತ್ತಿಗೆ ಅವರು ಆಕಾಶದಲ್ಲಿರುತ್ತಾರೆ.