ಎಂಡೆಲ್‌ನ ಶಿಲುಬೆ ಮರ

ಜೂನ್ ಬಂತೆಂದರೆ ಎಸ್ಟೋನಿಯಾದ ನಮ್ಮ ವೋರು ಸೀಮೆಯಲ್ಲಿ ಸ್ವಂತ ಕಾಡು ಇರುವವರೆಲ್ಲರದೂ ಒಂದೇ ಗೋಳು: ಸ್ಪ್ರೂಸ್ ಮರಗಳು ನಿಂತಲ್ಲೇ ಒಣಗುತ್ತಿವೆ. ಹೋದ ಜೂನ್‌ನಲ್ಲಿ ಪಕ್ಕದ ಮನೆಯ ಸಾಲ್ಮೆಯ ನಾಲ್ಕು ಹೆಕ್ಟೇರ್ ಕಾಡಿನಲ್ಲೂ ಮೂರು ಮರ ಬೂದು ಬಣ್ಣಕ್ಕೆ ತಿರುಗಿದ್ದವು. ಅವಳು ಅವನ್ನು ಕಡಿಸಿ, ಸೌದೆ ಒಟ್ಟಿಸಿ, ಪೀಡೆ ಕಳೆಯಿತೆಂದು ಕೂತಿದ್ದಳು.

ನನಗೆ ಮಾತ್ರ ನೆಮ್ಮದಿ ಇರಲಿಲ್ಲ. ಆ ಕಡಿದ ಮರಗಳಿಂದ ಹತ್ತು ಹೆಜ್ಜೆಗೆ, ರಸ್ತೆಯಂಚಿನಲ್ಲಿ, ಎಂಡೆಲ್‌ನ ಮರವಿದೆ; ಅದೂ ಸ್ಪ್ರೂಸೇ. ಸಾಲ್ಮೆಯ ಗಂಡ ಎಂಡೆಲ್ ತೀರಿಕೊಂಡಾಗ, ಸ್ಮಶಾನಕ್ಕೆ ಒಯ್ಯುವ ದಾರಿಯಲ್ಲಿ ಗಾಡಿ ನಿಲ್ಲಿಸಿ, ಹಿರಿಯರು ಮಾಡಿಕೊಂಡು ಬಂದ ಹಾಗೆ ಆ ಮರದ ತೊಗಟೆಯಲ್ಲಿ ಶಿಲುಬೆ ಕೆತ್ತಿದ್ದೆವು. ತೀರಿಹೋದವರ ಜೀವ ಆ ಮರದಲ್ಲಿ ನೆಲೆಸುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಸಾಲ್ಮೆ ದಿನಾ ಅಲ್ಲಿಗೆ ಹೋಗಿ ಗಂಡನ ಜೊತೆ ಮಳೆ ಬಿಸಿಲಿನ ಮಾತಾಡಿ ಬರುತ್ತಾಳೆ.

"ಸಂಘದ ಕೈರಿನ ಒಂದ್ಸಲ ಕರೆಸೇ," ಅಂದೆ. ಕೈರಿ ನಮ್ಮ ಕಾಡು ಮಾಲೀಕರ ಸಂಘದ ಅರಣ್ಯ ಸಲಹೆಗಾರ್ತಿ.

"ಬೇಡ ಮಾಯ್ಮು. ಬಣ್ಣದ ಡಬ್ಬಿ ಹಿಡ್ಕೊಂಡು ಕಾಡಿಗೆ ಕಾಲಿಟ್ಟೋರೆಲ್ಲ ಕಡಿಯೋ ಮರಕ್ಕೆ ಗುರುತು ಹಾಕೋರೇ. ಫೋನ್ ಮಾಡ್ತಾನಲ್ಲ ಆ ಮರದ ವ್ಯಾಪಾರಿ, ಅವನೂ ಪೂರ್ತಿ ಕಡಿದ್ಬಿಡೋಣ ಅಂತಾನೆ. ಎಂಡೆಲ್‌ನನ್ನ ಎರಡು ಸಲ ಮಣ್ಣು ಮಾಡ್ಬೇಕಾ ನಾನು?"

"ನನ್ನ ಕಾಡು ನೋಡಿದೀಯಲ್ಲ? ಹೋದ ವರ್ಷ ನಾನೂ ನಿನ್ನ ಹಾಗೇ ಹಟ ಹಿಡಿದು ಕೂತೆ. ಎಲ್ಲಾ ಒಣಗಿ ಹೋಯ್ತು, ಈಗ ಅಲ್ಲಿ ರಾಸ್ಪ್‌ಬೆರಿ ಪೊದೆ ಬಿಟ್ರೆ ಏನಿದೆ ಹೇಳು."

ಅವಳು ಜಗ್ಗಲಿಲ್ಲ. ಬೈಸಿಕೊಂಡರೆ ಬೈಸಿಕೊಳ್ಳೋಣ ಎಂದು ನಾನೇ ಕೈರಿಗೆ ಫೋನ್ ಮಾಡಿದೆ.

ಕೈರಿ ಜಾಣೆ. ಬಣ್ಣದ ಡಬ್ಬಿಯನ್ನು ಕಾರಿನಲ್ಲೇ ಬಿಟ್ಟು ಬಂದಳು. ಸೌದೆ ರಾಶಿಯಿಂದ ಒಂದು ತುಂಡು ಎತ್ತಿ ನೋಡಿದಳು.

"ಅಜ್ಜಿ, ನೀವು ಖಾಲಿ ಮನೆ ಕೆಡವಿದೀರಿ. ತೊಗಟೆ ಕೊರೆಯೋ ಹುಳ ಹೋದ ವರ್ಷವೇ ಇದನ್ನ ಬಿಟ್ಟು ಹೋಗಿದೆ. ಈ ಒಣಮರ ನಿಂತಿದ್ರೆ ಮರಕುಟಿಗಕ್ಕಾದ್ರೂ ಆಗ್ತಿತ್ತು."

"ಹಾಗಾದ್ರೆ ಅದರ ಹೊಸ ಮನೆ ಎಲ್ಲಿ?" ಸಾಲ್ಮೆ ಕೊಂಕು ತೆಗೆದಳು.

ಎಂಡೆಲ್‌ನ ಮರದ ಪಕ್ಕ ಹಸಿರಾಗಿ ನಿಂತಿದ್ದ ಎರಡು ಸ್ಪ್ರೂಸ್‌ಗಳ ಬುಡದಲ್ಲಿ ಕೈರಿ ಮಂಡಿಯೂರಿದಳು. ತೊಗಟೆಯ ಸಂದಿಯಲ್ಲೆಲ್ಲ ನಶ್ಯ ಚೆಲ್ಲಿದ ಹಾಗೆ ಹುಳ ಕೊರೆದುದುರಿಸಿದ ಕಂದು ಪುಡಿ. ಸಾಲ್ಮೆ ಅದನ್ನು ಬೆರಳಿಗೆ ಹಚ್ಚಿ ನೋಡಿದಳು. ನೇರ ಎಂಡೆಲ್‌ನ ಮರದ ಬಳಿ ಹೋಗಿ ಬುಡವನ್ನು ಸುತ್ತಲೂ ಸವರಿದಳು. ನಾನೂ ಬಗ್ಗಿ ನೋಡಿದೆ. ಪುಡಿ ಇರಲಿಲ್ಲ.

"ಇದಕ್ಕಿನ್ನೂ ಹತ್ತಿಲ್ಲ," ಅಂದಳು ಕೈರಿ. "ಆ ಎರಡನ್ನ ಇದೇ ತಿಂಗಳು, ಮರಿ ಹುಳ ಹಾರೋ ಮುಂಚೆ, ಕಡಿದು ಕಾಡಿಂದಾಚೆ ಸಾಗಿಸ್ಬೇಕು. ಇಲಾಖೆಗೆ ಅರ್ಜಿ ನಾನು ಬರೀತೀನಿ. ಕೆಳಗಿನ ಮನೆಯವರ ಕಾಡಿಗೆ ಸಂಘದ ಯಂತ್ರ ಬರ್ತಿದೆ, ಹಾಗೇ ಇಲ್ಲಿಗೂ ಬರುತ್ತೆ. ಶಿಲುಬೆ ಮರ ಮುಟ್ಟೋ ಮಾತೇ ಇಲ್ಲ."

"ಹಸಿರು ಮರ ಕಡೀಬೇಕಂತೆ, ಒಣಮರ ಬಿಡಬೇಕಂತೆ. ಎಲ್ಲಾ ತಿರುಗಾಮುರುಗಾ," ಸಾಲ್ಮೆ ಗೊಣಗಿದಳು. ಆಮೇಲೆ ಕೈರಿಯ ಕಡೆ ತಿರುಗಿ ಅಂದಳು, "ಆ ಡಬ್ಬಿ ತಗೊಂಬಾ ಮಗಳೇ. ಗುರುತು ನಾನೇ ಹಾಕ್ತೀನಿ. ನಿನ್ನ ಕೈ ಜಾರಿ ಮೂರನೇದಕ್ಕೆ ಬಿದ್ದೀತು."

ಎಂಡೆಲ್‌ನ ಮರ ಈ ವರ್ಷವೂ ಚಿಗುರಿದೆ. ಸಾಲ್ಮೆ ಈಗ ಮೊದಲು ಬುಡ ಸವರುತ್ತಾಳೆ, ಆಮೇಲೆ ಮಾತು.

ಕಾಡಿರುವ ಅಣ್ಣಂದಿರೇ, ಅಕ್ಕಂದಿರೇ, ಒಣಮರ ಕಂಡೊಡನೆ ಕೊಡಲಿ ಎತ್ತಬೇಡಿ; ಪಕ್ಕದ ಹಸಿರು ಮರದ ಬುಡ ನೋಡಿ. ಕಂದು ಪುಡಿ ಕಂಡರೆ ಅಂದೇ ನಿಮ್ಮ ಸಂಘಕ್ಕೆ ಫೋನ್ ಮಾಡಿ. ನಾನು ಒಂದು ಬೇಸಿಗೆ ತಡ ಮಾಡಿದೆ. ನನ್ನ ಅಮ್ಮನ ಶಿಲುಬೆ ಮರವೂ ಒಣಗಿಹೋದ ನನ್ನ ಆ ಕಾಡಿನಲ್ಲೇ ಇತ್ತು.