ಕ್ಯಾಮೆರಾ ಮುಂದಿನ ಗುಟ್ಟು

ಟೀವಿ ಸ್ಟುಡಿಯೋದಲ್ಲಿ ಸುರಭಿಯ ಮುಖಕ್ಕೆ ಪೌಡರ್ ಹಚ್ಚುತ್ತಿದ್ದ ಮೇಕಪ್ ಕೆಲಸದ ಮುಸ್ಕಾನ್ ಕೈ ನಿಲ್ಲಿಸಿ ಕೇಳಿದಳು, "ಮೇಡಂ, ನಮ್ಮ ಸಣ್ಣಾಂವ ಮಣ್ಣು ತಿಂತಾನ್ರಿ. ಏನ್ ಮಾಡ್ಲಿ?"

"ಬೈಬ್ಯಾಡ್ರಿ. ಮೊದಲು ರಕ್ತ ತಪಾಸಣೆ ಮಾಡಸ್ರಿ," ಎಂದು ಸುರಭಿ ನಕ್ಕಳು.

ಇಂಥ ಪ್ರಶ್ನೆಗಳು ಅವಳಿಗೆ ಹೊಸವಲ್ಲ. ಧಾರವಾಡದ ಸಪ್ತಾಪುರದಲ್ಲಿ ಸಣ್ಣ ಚಿಕಿತ್ಸಾಲಯ ಇಟ್ಟುಕೊಂಡಿದ್ದ ಮಕ್ಕಳ ಮನಶ್ಶಾಸ್ತ್ರಜ್ಞೆ ಅವಳು. ಹುಬ್ಬಳ್ಳಿಯ ಟೀವಿ ವಾಹಿನಿಯೊಂದರಲ್ಲಿ ಪ್ರತಿ ಭಾನುವಾರ ಅವಳ ಕಾರ್ಯಕ್ರಮ ಬರತೊಡಗಿದ ಮೇಲಂತೂ ಬಸ್ಸಿನಲ್ಲಿ, ಕಾಯಿಪಲ್ಲೆ ಸಂತೆಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲೂ ತಾಯಂದಿರು ಹಿಡಿದು ನಿಲ್ಲಿಸುತ್ತಿದ್ದರು. ಅವಳಿಗೂ ಅದು ಹಿಡಿಸಿತ್ತು. ಚಿಕಿತ್ಸಾಲಯಕ್ಕೆ ಬರಲಾಗದ ಎಷ್ಟೋ ಮನೆಗಳಿಗೆ ತನ್ನ ಮಾತು ತಲುಪುತ್ತದಲ್ಲ!

ಕಿರಿಕಿರಿ ಒಂದೇ. ಮಗು ಅತ್ತರೆ ನಿರ್ಮಾಪಕ ಯಜ್ಞೇಶ್ವರನಿಗೆ ಸಂತೋಷ.

"ಹೋದ ವಾರ ಆ ಹುಡುಗ ಅತ್ತದ್ದು ಎಷ್ಟು ಮಂದಿ ನೋಡ್ಯಾರ ಗೊತ್ತದ ಏನು?" ಎಂದು ಅವನು ಅವತ್ತೂ ಬಂದು ಹೇಳಿದ. ಕೆಟ್ಟ ಮನುಷ್ಯನಲ್ಲ, ಜನ ನೋಡದಿದ್ದರೆ ಕಾರ್ಯಕ್ರಮವೇ ನಿಂತೀತೆಂಬ ಚಿಂತೆ ಅವನದು. ಸುರಭಿ ಎಂದಿನಂತೆ ಕನ್ನಡಿಯತ್ತ ತಿರುಗಿಕೊಂಡಳು.

ಆ ದಿನ ಬಂದವರು ಬೆಂಗೇರಿಯ ಹತ್ತಿ ವ್ಯಾಪಾರಿ ಬಸವಪ್ರಭು ಮತ್ತು ಅವನ ಮಗಳು ಐಶ್ವರ್ಯಾ. ನಾಲ್ಕನೇ ತರಗತಿಯ ಹುಡುಗಿ, ಟೀವಿಗೆಂದೇ ಹೊಸ ಲಂಗ ಹಾಕಿಕೊಂಡು ಬಂದಿದ್ದಳು. ಮಗಳಿಗೆ ಅಭ್ಯಾಸದಲ್ಲಿ ಲಕ್ಷ್ಯವಿಲ್ಲ ಎಂದಷ್ಟೇ ಅವನು ಮೊದಲು ತಿಳಿಸಿದ್ದ. ಚಿತ್ರೀಕರಣ ಶುರುವಾದಾಗ ಬೇರೆಯದೇ ಮಾತು ಬಂತು.

"ಇಷ್ಟು ದೊಡ್ಡಾಕಿ ಆಗ್ಯಾಳ್ರಿ ಮೇಡಂ, ಇನ್ನೂ ಹಾಸಿಗ್ಯಾಗ ಒಂದಕ್ಕ ಮಾಡ್ಕೋತಾಳ!"

ಐಶ್ವರ್ಯಾ ತಲೆ ತಗ್ಗಿಸಿದಳು, ಕಣ್ಣು ತುಂಬಿತು. ಕ್ಯಾಮೆರಾ ಅವಳ ಮುಖದ ಹತ್ತಿರಕ್ಕೆ ಸರಿಯಿತು.

"ಇದನ್ನ ಆಕಿ ಸಾಲಿ ಗೆಳತ್ಯಾರೂ ನೋಡ್ತಾರಲ್ರಿ," ಎಂದಳು ಸುರಭಿ.

"ನೋಡ್ಲಿ ಬಿಡ್ರಿ. ನಾಚಿಕಿ ಬಂದ್ರರ ಬಿಟ್ಟಾಳು. ಮನ್ಯಾಗ ಎಲ್ಲಾ ಮಾಡಿ ಸಾಕಾಗೇತ್ರಿ. ತಿಳಿದವರ ಮುಂದ ಮುಚ್ಚಿಟ್ರ ಔಷಧ ಹೆಂಗ ಸಿಗಬೇಕು?" ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು.

ಅವನಿಗೂ ಒಂದಿಷ್ಟು ಬಿಸಿ ತಟ್ಟಲಿ ಎಂದುಕೊಂಡ ಸುರಭಿ ಹುಡುಗಿಯ ಕಡೆ ತಿರುಗಿದಳು. "ಐಶ್ವರ್ಯಾ, ನಿಮ್ಮಪ್ಪಾಜಿದೂ ಒಂದು ಗುಟ್ಟು ಇರಬೇಕಲ್ಲ? ನಿನಗ ಗೊತ್ತದ ಏನು?"

ಬಸವಪ್ರಭು ಕುರ್ಚಿಯಲ್ಲಿ ನೆಟ್ಟಗಾದ. ಹುಡುಗಿ ಓರೆಗಣ್ಣಿನಿಂದ ಅಪ್ಪನನ್ನು ನೋಡಿದಳು. ಒದ್ದೆ ಕಣ್ಣಿನಲ್ಲೇ ನಗು ಬಂದುಬಿಟ್ಟಿತು.

"ಗೊತ್ತೈತ್ರಿ."

"ಹೇಳು ಮತ್ತ."

"ಒಲ್ಲೆರಿ. ಎಲ್ಲಾರೂ ನಗ್ತಾರ. ಅಪ್ಪಾಜಿಗೆ ಕೆಟ್ಟ ಅನಸ್ತೈತಿ."

ಸುರಭಿಗೆ ನಾಚಿಕೆಯಾಯಿತು. ಅಲ್ಲಿದ್ದ ದೊಡ್ಡವರಲ್ಲಿ ಯಾರೊಬ್ಬರೂ ಮಾಡದ ಕೆಲಸವನ್ನು, ತಾನೂ ಮಾಡದ ಕೆಲಸವನ್ನು, ಇನ್ನೊಬ್ಬರ ಗುಟ್ಟು ಕಾಯುವ ಕೆಲಸವನ್ನು ಆ ಮಗು ಮಾಡಿತ್ತು.

ಬಸವಪ್ರಭು ಕುರ್ಚಿಯನ್ನು ಮಗಳ ಹತ್ತಿರಕ್ಕೆ ಎಳೆದುಕೊಂಡ.

"ನಾನ ಹೇಳ್ತೇನ್ರಿ. ನನಗ ಹಲ್ಲಿ ಕಂಡ್ರ ಆಗೂದಿಲ್ಲ. ಕಂಡ ಕೂಡ್ಲೇ ಕಾಟಿನ ಮ್ಯಾಲ ಏರಿ ನಿಂದರ್ತೇನಿ. ಈಕೀನೇ ಕಸಬರಗಿ ತಗೊಂಡು ಬಂದು ಓಡಸ್ತಾಳ. ಇಲ್ಲೀತನಕ ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ ನೋಡ್ರಿ."

ಕ್ಯಾಮೆರಾದವರೂ ನಕ್ಕುಬಿಟ್ಟರು. ಐಶ್ವರ್ಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಲುಕುಲು ನಕ್ಕಳು. ಬಸವಪ್ರಭು ಯಜ್ಞೇಶ್ವರನ ಕಡೆ ತಿರುಗಿದ.

"ಸಾಹೇಬ್ರ, ನಂದು ಇಟ್ಕೋರಿ. ಈಕಿದು ತಗದ ಬಿಡ್ರಿ."

"ಅದೇ ಛಲೋ ಭಾಗ ಅದರೀ!" ಯಜ್ಞೇಶ್ವರ ತಳಮಳಿಸಿದ. "ಮಂದಿ ಏನು ನೋಡಬೇಕು?"

"ಅದು ಟೀವ್ಯಾಗ ಬರೂದಾದ್ರ ಈ ಕಾರ್ಯಕ್ರಮದಾಗ ನಾ ಇರೂದಿಲ್ಲರಿ," ಎಂದಳು ಸುರಭಿ. ಅವಳಿಗೆ ಈ ಕೆಲಸ ನಿಜಕ್ಕೂ ಇಷ್ಟವಿತ್ತು, ಆದರೂ ಹೇಳಿಬಿಟ್ಟಿದ್ದಳು. "ಮಂದಿ ನೋಡ್ಲಿಕ್ಕೆ ದೊಡ್ಡವ್ರು ಇದ್ದಾರಲ್ಲ. ತಮ್ಮ ಸಣ್ಣವರಿದ್ದಾಗಿನ ಅಂಜಿಕಿ, ಪೆಟ್ಟು, ಫಜೀತಿ ಅವರೇ ಹೇಳ್ಲಿ. ಮಕ್ಕಳ ಮುಖ, ಹೆಸರು ಬ್ಯಾಡ."

ಯಜ್ಞೇಶ್ವರ ತಲೆ ಕೆರೆದುಕೊಂಡ. "ಒಂದು ವಾರ ನೋಡೋಣು," ಎಂದ, ಅರೆಮನಸ್ಸಿನಿಂದಲೇ.

ಭಾನುವಾರ ಹಲ್ಲಿಯ ಕಥೆಯಷ್ಟೇ ಟೀವಿಯಲ್ಲಿ ಬಂತು. ಸೋಮವಾರ ಹತ್ತಿ ಮಾರುಕಟ್ಟೆಯಲ್ಲಿ ಬಸವಪ್ರಭುವನ್ನು ಗೋಳು ಹೊಯ್ದುಕೊಳ್ಳದವರಿಲ್ಲ. ವಾಹಿನಿಯ ಫೋನಂತೂ ಪುರುಸೊತ್ತಿಲ್ಲದೆ ಬಡಿದುಕೊಂಡಿತು. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ತಮಗೆ ಹದಿಮೂರರ ಮಗ್ಗಿ ಇಂದಿಗೂ ಬಾರದೆಂದು ಹೇಳಲು ಹಟ ಹಿಡಿದಿದ್ದರು. ಯಜ್ಞೇಶ್ವರ ಖುಷಿಯಿಂದ ಅವರ ಹೆಸರನ್ನು ಮುಂದಿನ ವಾರಕ್ಕೆ ಬರೆದುಕೊಂಡ.

ಅದೇ ವಾರ ಅಪ್ಪ ಮಗಳು ಸಪ್ತಾಪುರದ ಚಿಕಿತ್ಸಾಲಯಕ್ಕೆ ಬಂದರು. ಇದು ಆಲಸ್ಯವಲ್ಲ, ಬಹಳ ಮಕ್ಕಳಿಗೆ ಇರುತ್ತದೆ, ಬೈದರೆ ಹೆಚ್ಚುತ್ತದೆ, ತಾಳ್ಮೆಯಿಂದ ಕಡಿಮೆಯಾಗುತ್ತದೆ ಎಂದು ಸುರಭಿ ಬಿಡಿಸಿ ಹೇಳಿದಳು. ಬಸವಪ್ರಭು ಪ್ರತಿ ಮಾತಿಗೂ ತಲೆಯಾಡಿಸಿದ.

"ಇನ್ನ ಆಕಿ ಒಬ್ಬಾಕಿ ಜೋಡಿ ಮಾತಾಡ್ತೀನಿ," ಎಂದಳು ಸುರಭಿ.

ಐಶ್ವರ್ಯಾ ಅಪ್ಪನ ಮುಖ ನೋಡಿದಳು. ಅವನು ಎದ್ದು ನಿಂತ.

"ಏನ್ ಹೇಳೂದೈತಿ ಎಲ್ಲಾ ಹೇಳವಾ. ನಾ ಹೊರಗ ಇರ್ತೇನಿ. ಕೇಳಂಗಿಲ್ಲ," ಎಂದು ಅವಳ ತಲೆ ಸವರಿ ಹೊರಗೆ ಹೋದ. ಹೋದವನು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.