ತೊಳೆಯಲು ಹಾಕಿದ ಮುಖ

ಫೋಕಸ್ ಕೂಡಿಸುವ ಲೆನ್ಸಿನ ಬಳೆಯನ್ನು ಯಾರು ತಿರುಗಿಸಬೇಕು ಎಂಬ ಪ್ರಶ್ನೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಮಟ್ಟಿಗೆ ಅತ್ಯಂತ ಗಂಭೀರವಾದದ್ದು ಎಂದು ಮೊದಲಿಗೇ ತಿಳಿಸಬೇಕಾಗಿದೆ. ಕಾಲುವೆಯ ನೀರು, ನಿಂಬೆಯ ದರ, ಕಬ್ಬಿನ ಗಾಡಿಗಳು ಕೆಡಿಸಿದ ರಸ್ತೆ, ಇವೆಲ್ಲ ಅದರ ನಂತರದ ವಿಷಯಗಳು. ಹಾಗೆಂದು ಇಂಡಿಯ ಬಸ್ ಸ್ಟ್ಯಾಂಡಿನ ಹಿಂದೆ ಸ್ಟುಡಿಯೋ ಇಟ್ಟಿದ್ದ ಆನಂದತೀರ್ಥಾಚಾರ್ರು ನಂಬಿದ್ದರು. ಅವರ ಮಗಳು ಮಂಜರಿ ನಂಬಿರಲಿಲ್ಲ.

ಜನ ಅವರನ್ನು ಫೋಟೋ ಆಚಾರ್ರು ಎನ್ನುತ್ತಿದ್ದರು. ಮದುವೆ ಮುಂಜಿವೆಗಳನ್ನು ಯಾರು ಬೇಕಾದರೂ ತೆಗೆಯಬಹುದು. ಆಚಾರ್ರ ಹೆಸರಿದ್ದದ್ದು ಮುಖಕ್ಕೆ. ಮನುಷ್ಯ ತೀರಿಕೊಂಡ ಮೇಲೆ ಗೋಡೆಗೆ ಹಾಕಿ ಮೇಲೊಂದು ಹಾರ ಬಿಡುತ್ತಾರಲ್ಲ, ಆ ಮುಖಕ್ಕೆ. ಮುಂದಾಲೋಚನೆ ಇದ್ದವರು ಉಸಿರಿರುವಾಗಲೇ ಬಂದು ಕೂತು ತೆಗೆಸಿಕೊಂಡು ಹೋಗುತ್ತಿದ್ದರು. ಇದಕ್ಕೆ ಆಚಾರ್ರು ಬಳಸುತ್ತಿದ್ದದ್ದು ಒಂದೇ ಲೆನ್ಸು, ತೊಂಬತ್ತು ಮಿಲಿಮೀಟರಿನ ಹಿತ್ತಾಳೆಯ ತುಂಡು, ರೇಂಜ್‌ಫೈಂಡರ್ ಎಂಬ ಹಳೆಯ ಜಾತಿಯ ಕ್ಯಾಮೆರಾದ್ದು. ರೀಲು ಸಿಗುವುದು ನಿಂತು ಆ ಕ್ಯಾಮೆರಾ ಕಪಾಟು ಸೇರಿದರೂ ಲೆನ್ಸು ಸೇರಲಿಲ್ಲ. ಮಗಳ ಮಿರರ್‌ಲೆಸ್ ಎಂಬ ಡಿಜಿಟಲ್ ಕ್ಯಾಮೆರಾಕ್ಕೆ ಒಂದು ಸಾದಾ ರಿಂಗು ತಿರುಪಿ ಅದನ್ನೇ ಕೂರಿಸಿ, ಬೆರಳಿನಿಂದ ಬಳೆ ತಿರುಗಿಸುತ್ತ ಮೊದಲಿನಂತೆಯೇ ಫೋಕಸ್ ಮಾಡುತ್ತ ಬಂದರು.

"ಈ ಗಾಜು ಮುಖಾನ ಬೈಯೂದಿಲ್ಲ," ಎನ್ನುತ್ತಿದ್ದರು. "ಈಗಿನ ಲೆನ್ಸು ಬೈತಾವ."

ಆಮೇಲೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ನೋಟದ ನಟ್ಟನಡುವೆ ಒಂದು ಮಬ್ಬು ಬಂದು ಖುರ್ಚಿ ಹಾಕಿಕೊಂಡು ಕೂತಿತು. ಅಂಚಿನಲ್ಲಿರುವುದೆಲ್ಲ ಕಾಣುತ್ತಿತ್ತು, ನಡುವಿನದು ಇಲ್ಲ. ಮುಖ ತೆಗೆಯುವವನಿಗೆ ಬೇಕಾದದ್ದೆಲ್ಲ ನಡುವೆಯೇ ಇರುತ್ತದೆ. ಈ ಸಂಗತಿ ವಿಜಯಪುರದ ಡಾಕ್ಟರಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಾಗಬಾರದೆಂದು ಆಚಾರ್ರು ಮಗಳಿಂದ ಮಾತು ತೆಗೆದುಕೊಂಡಿದ್ದರು.

ಮಂಜರಿ ಅಳಲಿಲ್ಲ. ಆಟೋಫೋಕಸ್ ಅಡಾಪ್ಟರ್ ತರಿಸಿದಳು. ಕ್ಯಾಮೆರಾಕ್ಕೂ ಹಳೆಯ ಲೆನ್ಸಿಗೂ ನಡುವೆ ಕೂರುವ ಒಂದು ದಪ್ಪ ಚಕ್ರ ಅದು, ಒಳಗೆ ಸಣ್ಣ ಮೋಟಾರು. ಕ್ಯಾಮೆರಾ ಎದುರಿನವರ ಕಣ್ಣನ್ನು ತಾನೇ ಹುಡುಕಿ ಹೇಳುತ್ತದೆ, ಮೋಟಾರು ಇಡೀ ಲೆನ್ಸನ್ನು ಒಂದಿಷ್ಟು ಮುಂದಕ್ಕೋ ಹಿಂದಕ್ಕೋ ಸರಿಸುತ್ತದೆ, ಫೋಕಸ್ ಕೂಡುತ್ತದೆ. ಜೋಳದ ಚೀಲದಲ್ಲಿ ಇಲಿ ಹೊಕ್ಕಂತೆ ಸದ್ದು. ಕರಾರು ಒಂದೇ: ಲೆನ್ಸಿನ ಬಳೆಯನ್ನು ಒಂದು ಗುರುತಿಗೆ ಇಟ್ಟ ಮೇಲೆ ಮನುಷ್ಯ ಅದನ್ನು ಮುಟ್ಟಬಾರದು. ಮೋಟಾರು ಒಂದು ಕಡೆ ದುಡಿದದ್ದನ್ನು ಬೆರಳು ಇನ್ನೊಂದು ಕಡೆಯಿಂದ ಕೆಡಿಸಿಬಿಡುತ್ತದೆ.

"ಬಳಿ ಎರಡು ಮೀಟರಿಗೆ ಇಟ್ಟೀನಿ ಅಪ್ಪಾ. ಇನ್ನ ಮುಟ್ಟಬ್ಯಾಡ್ರಿ. ಬಟನ್ ಅರ್ಧ ಒತ್ರಿ, ಕಣ್ಣಿನ ಮ್ಯಾಲೆ ಹಸರು ಚೌಕ ಬರ್ತದ. ಪೂರ್ತಿ ಒತ್ರಿ. ಮುಗೀತು."

"ಹಂಗಾದ್ರ ಫೋಟೋ ತಗದವರು ಯಾರು?"

"ನೀವ."

"ನಾ ಎಲ್ಲಿ ತಗದೆ? ಲೈಟಿನ ಬಟನ್ ಒತ್ತಿಧಂಗ ಒತ್ತಿದೆ. ಅದನ್ನ ನಿನ್ನ ಅತ್ತಿಯೂ ಒತ್ತತಾಳ."

"ಅತ್ತಿಗೆ ಹೇಳಿದ್ರ ಬಳಿ ಮುಟ್ಟೂದಿಲ್ಲ, ಅದಕ್ಕ ಆಕೀ ಫೋಟೋನೇ ಛೊಲೋ ಬರ್ತದ. ಬ್ಯಾಡ, ಬಳಿಗೆ ಒಂದು ಟೇಪ್ ಹಚ್ಚಿ ಬಿಡ್ತೀನಿ."

"ಹಿತ್ತಾಳಿಗೆ ಅಂಟು ಹಿಡಸತೀ ಏನು? ಹಚ್ಚೂದಿದ್ರ ನನ್ನ ಕೈಗೇ ಹಚ್ಚು."

ಇಡೀ ಪ್ರಕರಣದಲ್ಲಿ ಯಾರಾದರೂ ಕೊಟ್ಟ ಅತ್ಯುತ್ತಮ ಸಲಹೆ ಇದೇ ಆಗಿತ್ತು. ಸಿಟ್ಟಿನಲ್ಲಿ ಕೊಟ್ಟದ್ದಾದ್ದರಿಂದ ಯಾರೂ ಪಾಲಿಸಲಿಲ್ಲ.

ಮಂಜರಿ ತಾನೇ ಸ್ಟೂಲಿನ ಮೇಲೆ ಕೂತು ಅಭ್ಯಾಸ ಮಾಡಿಸಿದಳು. ಹಸಿರು ಚೌಕ ಬಂದು ಇನ್ನೇನು ಬಟನ್ ಒತ್ತಬೇಕು ಎನ್ನುವಾಗ ಆಚಾರ್ರ ಎಡಗೈ ತಾನಾಗಿ ಮೇಲೆದ್ದು ಬಳೆಯ ಹತ್ತಿರ ಹೋಗುತ್ತಿತ್ತು. "ಕೈ!" ಎಂದು ಅವಳು ಕೂಗುತ್ತಿದ್ದಳು, ನೈವೇದ್ಯಕ್ಕೆ ಮುಂಚೆ ಉಂಡೆಯ ಡಬ್ಬಿಗೆ ಕೈ ಹಾಕುವ ಹುಡುಗರಿಗೆ ಕೂಗುವ ಹಾಗೆ. ಕೈ ಕೆಳಗಿಳಿಯುತ್ತಿತ್ತು. ಫೋಟೋ ಬರುತ್ತಿತ್ತು. ಕಣ್ಣಿನ ರೆಪ್ಪೆ ಒಂದೊಂದೂ ಬೇರೆ ಬೇರೆ, ಮುಖ ಮಾತ್ರ ಬೈಸಿಕೊಳ್ಳದೆ ಮೆತ್ತಗೆ. ಹಳೆಯ ಗಾಜು ಇನ್ನೂ ಬದುಕಿತ್ತು.

"ತಕ್ಕಮಟ್ಟಿಗೆ ಅದ," ಎಂದರು ಆಚಾರ್ರು, ಪರದೆಯ ಅಂಚನ್ನು ನೋಡುತ್ತ.

ಭೀಮಶ್ಯಾ ಬಂದದ್ದು ಆ ವಾರವೇ. ಕನ್ನೊಳ್ಳಿಯವನು, ದೇವರ ಹಿಪ್ಪರಗಿಯಲ್ಲಿ ಸಾಲಿ ಮಾಸ್ತರ.

"ಆಚಾರ್ರ, ಅವ್ವಗ ಎದಿ ಭಾಳ ಹಿಡದೈತ್ರಿ. ಡಾಕ್ಟರ್ ಏನೂ ಹೇಳವಲ್ರು. ಅಂದ್ರ ಹೇಳಿಧಂಗ ಆತ್ರಿ."

"ಛೇ. ಮರೆವ್ವಗ?"

"ಆಕೀದು ಈಗ ಒಂದ ಹಟಾ ಐತ್ರಿ. ನಮ್ಮ ಸಣ್ಣವ್ವ ಹೋದಾಗ ಬ್ಯಾರೆ ಫೋಟೋ ಇದ್ದಿಲ್ಲ, ಆಧಾರ್ ಕಾರ್ಡಿಂದು ದೊಡ್ಡದು ಮಾಡಿಸಿ ಹಾಕಿದ್ವಿ. ಅವತ್ತಿಂದ ಅನ್ನಾಕತ್ತಾಳ, ನನ್ನ ತಂಗಿ ಕಳುವಿನಾಗ ಸಿಕ್ಕೊಂಡಾಕಿ ಗತೆ ಕಾಣಸ್ತಾಳ, ನನಗ ಹಂಗ ಮಾಡಿದ್ರ ದೆವ್ವ ಆಗಿ ಬರ್ತೇನಿ ಅಂತ. ಅಪ್ಪಂದು ನೀವ ತಗದಿದ್ರೆಲ್ರಿ, ಮೂವತ್ತ ವರ್ಷದ ಹಿಂದ? ಅದರ ಬಾಜೂಕ ಕುಂದರಬೇಕಂತ. ಅಂಥದ್ದ ಆಗಬೇಕಂತ."

ಮರುದಿನ ಮಂಜರಿಗೆ ಬಸವನ ಬಾಗೇವಾಡಿಯಲ್ಲಿ ಮದುವೆಯ ಕೆಲಸ. ಅದನ್ನು ಬಿಡುವಂತಿರಲಿಲ್ಲ. "ನಾಡಿದ್ದು ಕೂಡೇ ಹೋಗೋಣು," ಎಂದಳು.

"ನಾಡಿದ್ದಿನ ತನಕ ಆಕಿ ಕೂಡಬೇಕಲ್ಲ," ಎಂದರು ಆಚಾರ್ರು. ಅದೂ ಸುಳ್ಳಲ್ಲ. ಮರುದಿನ ಮುಂಜಾನೆ ಅವಳು ಬಳೆಯನ್ನು ಗುರುತಿಗೆ ತಂದು, ಬ್ಯಾಟರಿ ತುಂಬಿಸಿ, ತಾನು ಇನ್ನೊಂದು ಕ್ಯಾಮೆರಾ ಎತ್ತಿಕೊಂಡು, ಬಾಗಿಲ ತನಕ ಬಂದು "ಕೈ" ಎಂದಳು. ಆಚಾರ್ರು ಕೇಳಿಸದವರಂತೆ, ಕರೆಯಲು ಬಂದಿದ್ದ ಭೀಮಶ್ಯಾನ ಜೊತೆ ಸಿಂದಗಿ ಬಸ್ಸು ಹತ್ತಿದರು. ಅಲ್ಲಿಂದ ಟಂಟಂ ಆಟೋ.

ಮರೆವ್ವ ಬಾಗಿಲ ಬೆಳಕಿಗೆ ಖುರ್ಚಿ ಹಾಕಿಸಿಕೊಂಡು, ಹಸಿರು ಇಳಕಲ್ ಸೀರೆ ಉಟ್ಟು, ಅವರಿಗಾಗಿ ಕಾಯುತ್ತಿದ್ದಳು. ಉಸಿರು ಎಳೆದಾಗ ಸೀಟಿಯ ಸದ್ದು. ಬಾಯಿಗೆ ಮಾತ್ರ ಯಾವ ರೋಗವೂ ಇರಲಿಲ್ಲ.

"ಬಾ ಎಪ್ಪಾ ಆಚಾರಪ್ಪಾ. ಎಷ್ಟ ಮುದುಕ ಆಗಿಯೋ!"

"ನೀ ಆಗಿಲ್ಲೇನು?"

"ನಾ ಆಗಿ ಮುಗಿಸೇನಿ." ಗೋಡೆಯ ಕಡೆ ಕೈ ಮಾಡಿದಳು. ಬುದ್ಧನ ಪಟದ ಕೆಳಗೆ ಗಂಡನ ಫೋಟೋ ಇತ್ತು. "ನೋಡು, ನೀ ತಗದದ್ದು. ಅವತ್ತ ಮುಂಜಾನಿ ನನ್ನ ಮುಂದ ಆಣಿ ಮಾಡಿದ್ದ, ಹೊಳಿ ದಂಡಿ ಹೊಲಾ ಮಾರೂದಿಲ್ಲ ಅಂತ. ಅಷ್ಟೊತ್ತಿಗೆ ಮಾರಿಬಿಟ್ಟಿದ್ದ. ಆ ಸುಳ್ಳ ಇನ್ನಾ ಅವನ ಮಾರಿ ಮ್ಯಾಲೆ ಐತಿ, ಹೌದಿಲ್ಲೊ?"

ಆಚಾರ್ರು ಗೋಡೆಯ ಕಡೆ ತಿರುಗಿದರು. ಅವರಿಗೆ ಕಂಡದ್ದು ಚೌಕಟ್ಟಿನ ನಾಲ್ಕು ಅಂಚು. "ಹೌದ," ಎಂದರು.

"ನನ್ನ ಅವನ ಬಾಜೂಕ ಹೆಂಗ ಕುಂದರಸು ಅಂದ್ರ, ಆ ಸುಳ್ಳ ಕೇಳಿಸ್ಕೊಂಡು ಗೊತ್ತಾಗಿಯೂ ಸುಮ್ಮ ಕುಂತಾಕಿ ಗತೆ. ಬಂದಾವರಿಗೆ ತಿಳೀಲಿ, ಈಕಿಗೆ ಎಲ್ಲಾ ಗೊತ್ತಿತ್ತು ಅಂತ. ಆಧಾರದಾಗ ಅದು ಬರೂದಿಲ್ಲ."

"ನಗಬ್ಯಾಡ ಹಂಗಾದ್ರ."

"ನಗಾಕ ಉಸರು ಎಲ್ಲೈತಿ?"

ಆಚಾರ್ರು ಸ್ಟ್ಯಾಂಡ್ ನಿಲ್ಲಿಸಿ ಕ್ಯಾಮೆರಾ ಕೂರಿಸಿದರು. ಭೀಮಶ್ಯಾನನ್ನು ಪಕ್ಕಕ್ಕೆ ಕರೆದು, ಇದು ಹೊಸ ಮಷೀನು, ಕಣ್ಣನ್ನು ತಾನೇ ನೋಡಿಕೊಳ್ಳುತ್ತದೆ, ಒಬ್ಬರು ಪರದೆ ನೋಡಿ ಹೇಳುತ್ತಿದ್ದರಾಯಿತು ಎಂದರು.

"ಹಸರು ಚೌಕ ಬಂತೇನು?"

"ಬಂತ್ರಿ. ಅವ್ವನ ಕಣ್ಣಿನ ಮ್ಯಾಲ ಐತ್ರಿ."

ಅಲ್ಲಿಗೆ ಮುಗಿಯಬೇಕಿತ್ತು. ಮೋಟಾರು ತನ್ನ ಕೆಲಸ ಮಾಡಿತ್ತು. ಆದರೆ ನಾಲ್ಕು ತಾಲೂಕಿನಲ್ಲಿ ಆಚಾರ್ರಿಗಿದ್ದ ಹೆಸರು ಅದರ ನಂತರದ ಒಂದು ಚಲನೆಗೆ ಸೇರಿದ್ದು: ಎಲ್ಲ ಸರಿಯಾಯಿತು ಎಂದ ಮೇಲೆ ಕೊನೆಗೊಮ್ಮೆ ಬೆರಳಿನಿಂದ ಬಳೆಗೆ ಎಳ್ಳಿನಷ್ಟು ಕೊಡುತ್ತಿದ್ದ ತಿರುವು. ಕಣ್ಣಿದ್ದಾಗ ಅದು ಮುಖವನ್ನು ಹತ್ತಿರ ತರುತ್ತಿತ್ತು. ಈಗಲೂ ಬೆರಳು ಹೋಯಿತು, ಎಳ್ಳಿನಷ್ಟು ತಿರುಗಿಸಿತು, ಬಲಗೈ ಒತ್ತಿತು. ಹಸಿರು ಚೌಕ ಬಂದಾಗಲೆಲ್ಲ ಹೀಗೇ. "ಕೈ" ಎನ್ನುವವರು ಬಾಗೇವಾಡಿಯಲ್ಲಿ ಅಕ್ಷತೆಯ ಫೋಟೋ ತೆಗೆಯುತ್ತಿದ್ದರು.

ಮರೆವ್ವ ಬಹಳ ಹೊತ್ತು ಹಾಗೇ ಕೂತಳು, ಎಲ್ಲವನ್ನೂ ಕೇಳಿಸಿಕೊಂಡವಳ ಹಾಗೆ. ನಡುವೆ ಕೆಮ್ಮು ಬಂದರೆ ಕೆಮ್ಮಿ, ಸೆರಗು ಸರಿ ಮಾಡಿಕೊಂಡು, ಮತ್ತೆ ಅದೇ ಮುಖ ತಂದುಕೊಂಡಳು.

"ಛಂದ ಬಂದಾವ್ರಿ," ಎಂದ ಭೀಮಶ್ಯಾ, ಅಂಗೈಯಷ್ಟಗಲದ ಪರದೆ ನೋಡಿ. ಅದರಲ್ಲಿ ಅವ್ವ ಕಾಣುತ್ತಿದ್ದಳು. ಅವನಿಗೆ ಅಷ್ಟು ಸಾಕಾಗಿತ್ತು.

ಸಂಜೆ ಮಂಜರಿ ಫೋಟೋಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಳು. ಒಂದಾದ ಮೇಲೊಂದು ನೋಡಿದಳು. ಮರೆವ್ವನ ಕಿವಿ ಅದ್ಭುತವಾಗಿ ಬಂದಿತ್ತು. ಓಲೆಯ ತೂತು ಜಗ್ಗಿ ಉದ್ದವಾದದ್ದು, ಹಿಂದಿನ ಬಿಳಿಗೂದಲು, ಎಲ್ಲ ಲೆಕ್ಕ ಹಾಕುವಷ್ಟು ನಿಚ್ಚಳ. ಕಣ್ಣು, ಮೂಗು, ಬಾಯಿ ಇರಬೇಕಾದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದಂತಿತ್ತು. ಕೇಳಿಸಿಕೊಂಡ ಕಿವಿ ಬಂದಿತ್ತು, ಕೇಳಿಸಿಕೊಂಡವಳು ಬಂದಿರಲಿಲ್ಲ.

"ಕೈ ಹೋಗಿತ್ತೇನು?"

"ಇಲ್ಲ."

"ಅಪ್ಪಾ."

"ಹೋಗಿರಬೇಕು."

"ನಾಳೆ ಮುಂಜಾನಿ ನಾ ಹೋಗಿ ತಗೊಂಡು ಬರ್ತೀನಿ."

"ಹೋಗಿ ಏನಂತ ಹೇಳ್ತಿ?"

"ಬಂದಿಲ್ಲ ಅಂತೀನಿ."

"ಯಾಕ ಬಂದಿಲ್ಲ ಅಂತ ಕೇಳಿದ್ರ?" ಆಚಾರ್ರ ದನಿ ಏರಿತು. "ಕುರಡ ಆಚಾರ ಬಂದಿದ್ದ ಅಂತ ಹೇಳ್ತೀ ಏನು? ಬ್ಯಾಡ. ನಾನ ಹೋಗಿ ನಾನ ತಗೀತೀನಿ. ಎರಡು ದಿನಾ ಕೈಗೆ ಬುದ್ಧಿ ಕಲಸತೀನಿ."

ಅಷ್ಟರಲ್ಲಿ ಭೀಮಶ್ಯಾನ ಫೋನು. ಅವ್ವ ಕೇಳಾಕತ್ತಾಳ, ಆಗೇತೇನ್ರಿ ಎಂದ. ಆಚಾರ್ರ ಬಾಯಿಂದ ನಲವತ್ತು ವರ್ಷ ಹೇಳಿ ರೂಢಿಯಾದ ಮಾತು ಬಂತು.

"ತೊಳೀಲಿಕ್ಕೆ ಹಾಕೀವಪಾ."

ರೀಲಿನ ಕಾಲದಲ್ಲಿ ಅದು ನಿಜವಾದ ಕೆಲಸ. ಕತ್ತಲ ಕೋಣೆ, ಔಷಧದ ನೀರು, ಹಗ್ಗಕ್ಕೆ ಕ್ಲಿಪ್ಪು. ಈಗಿನ ಕ್ಯಾಮೆರಾದಲ್ಲಿ ತೊಳೆಯುವುದಕ್ಕೆ ಏನೂ ಇಲ್ಲ, ಇದು ಸಾಲಿ ಮಾಸ್ತರನಿಗೆ ಗೊತ್ತಿಲ್ಲದ್ದಲ್ಲ. ಆದರೂ ಅವನು ಅವ್ವನಿಗೆ ಅದನ್ನೇ ಹೇಳಿದ್ದು ಫೋನಿನಲ್ಲೇ ಕೇಳಿಸಿತು. ಹಿಂದಿನಿಂದ ಮರೆವ್ವನ ದನಿ: "ತೊಳೀಲಿ, ತೊಳೀಲಿ. ನಿಮ್ಮಪ್ಪಂದೂ ಎಂಟ ದಿನಾ ತೊಳದಿದ್ರು. ಅವಸರ ಮಾಡಬ್ಯಾಡ ಅನ್ನು."

ಫೋಟೋ ತೊಳೆಯುತ್ತಲೇ ಇತ್ತು. ಆಚಾರ್ರು ಸ್ಟುಡಿಯೋದ ಬಾಗಿಲು ಹಾಕಿಕೊಂಡು ಸ್ಟೂಲಿನ ಮೇಲೆ ಮಂಜರಿಯನ್ನೇ ಕೂರಿಸಿ ಅಭ್ಯಾಸ ಮಾಡಿದರು. ಕೈ ಮಾತು ಕೇಳಲಿಲ್ಲ. ಜೇಬಿಗೆ ಹಾಕಿದರೆ ಜೇಬಿನಿಂದ ಬಂತು, ಬೆನ್ನ ಹಿಂದೆ ಇಟ್ಟರೆ ಸುತ್ತಿಕೊಂಡು ಬಂತು. ಕೊನೆಗೆ ಎಡಗೈ ಹೆಬ್ಬೆರಳಿಗೆ ಜನಿವಾರ ಎರಡು ಸುತ್ತು ಸುತ್ತಿ ಎದೆಗೆ ಒತ್ತಿ ಹಿಡಿದು ತೆಗೆದರು. ಶಾಸ್ತ್ರದಲ್ಲಿ ಜನಿವಾರಕ್ಕೆ ಈ ಉಪಯೋಗ ಹೇಳಿಲ್ಲ, ಆದರೆ ಫೋಟೋ ನಿಚ್ಚಳವಾಗಿ ಬಂತು. ಮತ್ತೆ ತೆಗೆದರು, ಮತ್ತೆ ಬಂತು. ಮಂಜರಿ ನಡುನಡುವೆ "ನಾ ಹೋಗ್ಲೇನು" ಎಂದು ಕೇಳುವುದನ್ನು ಬಿಟ್ಟಿರಲಿಲ್ಲ. ಅವರೂ "ಬ್ಯಾಡ" ಎನ್ನುವುದನ್ನು ಬಿಟ್ಟಿರಲಿಲ್ಲ.

"ನಾಳೆ ಕನ್ನೊಳ್ಳಿಗೆ," ಎಂದರು ಒಂದು ಸಂಜೆ, ಬಹಳ ದಿನಗಳ ಮೇಲೆ ಹುರುಪಿನಿಂದ. "ಇನ್ನೊಂದು ನಾಕು ತಗೀಬೇಕು, ತೊಳಿಯೂದು ಸರಿ ಆಗಿಲ್ಲ ಅಂತ ಹೇಳಿದ್ರಾತು."

ಮುಂಜಾನೆ ಚಹಾ ಕುಡಿಯುವಾಗ ಭೀಮಶ್ಯಾನೇ ಫೋನು ಮಾಡಿದ. ಅವ್ವ ನಸುಕಿನಲ್ಲಿ ಹೋದಳು ಎಂದ. ಹಾರ ಹಾಕಬೇಕು, ಫೋಟೋ ಹೆಂಗಿದ್ರೂ ಇರಲಿ, ಕೊಟ್ಟು ಕಳಿಸ್ರಿ ಎಂದ. ಆಚಾರ್ರು ಫೋನನ್ನು ಮಗಳ ಕೈಗೆ ಕೊಟ್ಟರು.

ಮಣ್ಣು ಮಾಡುವ ಕೆಲಸ ಎಲ್ಲ ಮುಗಿದ ಮೇಲೆ ಅವನೇ ಇಂಡಿಗೆ ಬಂದ. ಮಂಜರಿ ಏನೂ ಮುಚ್ಚಿಡದೆ ಕಂಪ್ಯೂಟರಿನಲ್ಲಿ ತೋರಿಸಿದಳು. ಅವನು ಕಿವಿಯನ್ನು ನೋಡಿದ.

"ನನಗ ಕಣ್ಣು ಕಾಣೂದಿಲ್ಲೋ ಭೀಮಶ್ಯಾ," ಎಂದರು ಆಚಾರ್ರು.

"ಗೊತ್ತೈತ್ರಿ."

"ಯಾರು ಹೇಳಿದ್ರು?"

"ಅವತ್ತ ಅವ್ವ ಚಹಾ ಕೊಟ್ಲು, ನೀವು ಕಪ್ಪ ಬಿಟ್ಟು ನೀರಿನ ತಂಬಗಿ ಹಿಡದ್ರಿ. ನೀವು ಹ್ವಾದ ಮ್ಯಾಲ ಅವ್ವನೂ ಅಂದಳು, ಆಚಾರಪ್ಪಗ ಕಣ್ಣ ಹೋಗ್ಯಾವ, ಪಾಪ ಅಂತ."

"ಮತ್ಯಾಕ ಕೂತಳೋ ಅಷ್ಟು ಹೊತ್ತು?"

"ಮಷೀನ ತಾನ ನೋಡ್ತದ ಅಂದ್ರೆಲ್ರಿ ನೀವು." ಭೀಮಶ್ಯಾ ಗಲ್ಲ ಕೆರೆದುಕೊಂಡ. "ನಾವು ಅದನ್ನ ನಂಬಿದ್ವಿ. ತೊಳ್ಯಾಕ ಹಾಕೇವಿ ಅಂದಾಗ ನನಗ ಸಂಶೆ ಬಂತ್ರಿ. ಬಂದಿಲ್ಲ ಅಂತ ಅವತ್ತ ಒಂದ ಮಾತ ಹೇಳಿದ್ರ, ಈ ಅಕ್ಕಾರನ್ನ ನಾನ ಗಾಡಿ ಮ್ಯಾಲ ಕರಕೊಂಡ ಹೋಗ್ತಿದ್ದೆ."

ಸಾಫ್ಟ್‌ವೇರಿನಲ್ಲಿ ಕಣ್ಣು ತರಬಹುದೇನ್ರಿ ಎಂದು ಅವನು ಮಂಜರಿಯನ್ನು ಕೇಳಿದ. ತರಬಹುದು, ಆದರೆ ಅದು ಯಾರದೋ ಕಣ್ಣು ತಂದು ಕೂರಿಸುತ್ತದೆ, ತಾನು ಮಾಡುವುದಿಲ್ಲ ಎಂದಳು. ಅವನು ಬಸ್ಸಿನ ಹೊತ್ತಾಯಿತು ಎಂದು ಎದ್ದ.

ಸಿಂದಗಿಯ ಒಂದು ಅಂಗಡಿಯಲ್ಲಿ ಆಧಾರ್ ಕಾರ್ಡಿನ ಫೋಟೋವನ್ನು ಮೊಬೈಲಿಗೆ ಹಾಕಿ, ರೇಷ್ಮೆ ಸೀರೆ ಉಡಿಸಿ, ಕೊರಳಿಗೆ ಬಂಗಾರದ ಸರ ಹಾಕಿ, ಬಣ್ಣ ತಿಳಿ ಮಾಡಿ, ಸಣ್ಣಗೆ ನಗಿಸಿ ಕೊಟ್ಟರು. ಅದೀಗ ಕನ್ನೊಳ್ಳಿಯ ಗೋಡೆಯ ಮೇಲೆ ಗಂಡನ ಫೋಟೋದ ಬಾಜೂಕೆ ಇದೆ. ಕಣ್ಣುಗಳು ಬಹಳ ನಿಚ್ಚಳವಾಗಿವೆ. ಅದು ಮರೆವ್ವ ಅಲ್ಲ.